ನೀರಿನ ಸಾವಯವ ಇಂಗಾಲ ಅಳೆಯುವ ಮುನ್ನ ಬಾಟಲಿ ನೋಡಿ

ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಒಂದು ತಪ್ಪು ಪದೇ ಪದೇ ಕಾಣುತ್ತದೆ. ಸೋಸದ ನೀರಿಗೆ ಸಿಒಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ) ಪರೀಕ್ಷೆ ಮಾಡಿ, ಬಂದ ಅಂಕಿಯನ್ನೇ ‘ಕರಗಿದ ಸಾವಯವ’ ಎಂದು ಬರೆದುಬಿಡುತ್ತಾರೆ. ಅದರಲ್ಲಿ ಪಾಚಿಯ ಚೂರು, ಹೂಳು ಎಲ್ಲ ಸೇರಿರುತ್ತದೆ. ಬೇಕಾದದ್ದು ಎಲೆ, ಮಣ್ಣು, ಪಾಚಿಗಳಿಂದ ಬಿಟ್ಟುಬಂದು ನೀರಿನಲ್ಲಿ ಕರಗಿದ ಇಂಗಾಲದ ಸಂಯುಕ್ತಗಳು. ಇವೇ ಕ್ಲೋರಿನ್ ಜೊತೆ ಕೂಡಿ ಟ್ರೈಹಾಲೋಮೀಥೇನ್ ಆಗುವುದು.

ಬೀದರಿನ ನೌಬಾದ್ ಸುರಂಗ ಬಾವಿ, ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯ, ಔರಾದ ಕಡೆಯ ಮಾಂಜ್ರಾ ನದಿ, ಈ ಮೂರನ್ನೂ ಹೋಲಿಸಿ ನೋಡಿ. ಬಹಮನಿ ಕಾಲದ ಸುರಂಗಕ್ಕೆ ಬರುವುದು ಜಂಬಿಟ್ಟಿಗೆ ಕಲ್ಲಿನಲ್ಲಿ ಇಂಗಿದ ನೀರು. ಅಂತರ್ಜಲದಲ್ಲಿ ಕರಗಿದ ಸಾವಯವ ಇಂಗಾಲ ಸಾಮಾನ್ಯವಾಗಿ ಲೀಟರಿಗೆ ಒಂದೆರಡು ಮಿಲಿಗ್ರಾಂ ಅಷ್ಟೇ.

ತೊಂದರೆ ಇರುವುದು ಇಲ್ಲಿಯೇ. ಇಷ್ಟು ಕಡಿಮೆ ಇದ್ದಾಗ ಬಾಟಲಿಯ ಕೊಳೆಯೇ ಫಲಿತಾಂಶವಾಗುತ್ತದೆ. ಕುಡಿದು ಬಿಟ್ಟ ಪ್ಲಾಸ್ಟಿಕ್ ಬಾಟಲಿ ಬೇಡವೇ ಬೇಡ. ಕಂದು ಗಾಜಿನ ಬಾಟಲಿಯನ್ನು ತೆಳು ಆಸಿಡ್ಡಿನಲ್ಲಿ ನೆನೆಸಿ, ಶುದ್ಧ ನೀರಿನಲ್ಲಿ ತೊಳೆದು, ಮುಚ್ಚಳ ತೆಗೆದು ಮಫಲ್ ಫರ್ನೇಸಿನಲ್ಲಿ 450 ಡಿಗ್ರಿ ಸೆಲ್ಸಿಯಸ್‌ನಲ್ಲಿ 4 ಗಂಟೆ ಕಾಯಿಸಿ. 0.7 ಮೈಕ್ರಾನಿನ ಗಾಜಿನ ನಾರಿನ ಫಿಲ್ಟರಿಗೂ ಇದೇ ಉಪಚಾರ. 0.45 ಮೈಕ್ರಾನಿನ ಪೊರೆಯ ಫಿಲ್ಟರನ್ನು ಸುಡಲಾಗದು. ಅದು ತನ್ನದೇ ಇಂಗಾಲವನ್ನು ನೀರಿಗೆ ಬಿಡುತ್ತದೆ. ಆದ್ದರಿಂದ ಅದರ ಮೂಲಕ ಮೊದಲು ಶುದ್ಧ ನೀರು ಧಾರಾಳವಾಗಿ ಹಾಯಿಸಿ, ಮಾದರಿಯ ಮೊದಲ ಭಾಗವನ್ನೂ ಚೆಲ್ಲಿ. ಜೊತೆಗೆ ಶುದ್ಧ ನೀರಿನ ಬ್ಲ್ಯಾಂಕ್ ಒಯ್ದು, ನದಿ ದಂಡೆಯಲ್ಲೇ ಮಾದರಿಗೆ ಬಳಸುವ ಅದೇ ಫಿಲ್ಟರ್, ಅದೇ ಆಸಿಡ್ ಬಳಸಿ ಸಿದ್ಧಮಾಡಿ. ಬ್ಲ್ಯಾಂಕಿನಲ್ಲಿ ಅರ್ಧ ಮಿಲಿಗ್ರಾಂ, ಮಾದರಿಯಲ್ಲಿ ಒಂದು ಬಂದರೆ, ಅರ್ಧ ಇಂಗಾಲ ನಿಮ್ಮದೇ! ಬ್ಲ್ಯಾಂಕ್ ಇಲ್ಲದ ವರದಿಯನ್ನು ನಾನಂತೂ ನಂಬುವುದಿಲ್ಲ.

ಸೋಸುವುದು ಸ್ಥಳದಲ್ಲೇ ಆಗಲಿ. ತಡವಾದರೆ ಬ್ಯಾಕ್ಟೀರಿಯಾಗಳು ಇಂಗಾಲವನ್ನು ತಿಂದು ಅಂಕಿ ಬದಲಿಸುತ್ತವೆ. ಎರಡು ಬಾಟಲಿ ತುಂಬಿ: ಒಂದು ಹಾಗೆಯೇ, 254 ನ್ಯಾನೊಮೀಟರಿನ ಯುವಿ ಹೀರಿಕೆಗೆ, ಇಂಗಾಲ ಅಳೆಯುವ ಇನ್ನೊಂದಕ್ಕೆ ಪಿಎಚ್ 2 ಆಗುವವರೆಗೆ ಹೈಡ್ರೋಕ್ಲೋರಿಕ್ ಆಸಿಡ್. ಎರಡೂ ಐಸ್ ಪೆಟ್ಟಿಗೆಯಲ್ಲಿ, ಕತ್ತಲಲ್ಲಿರಲಿ. ಇಲ್ಲಿನ ಕಪ್ಪುಕಲ್ಲಿನ ನೀರಿನಲ್ಲಿ ಬೈಕಾರ್ಬನೇಟ್ ಇರುತ್ತದೆ; ಆಸಿಡ್ ಹಾಕಿದ ಮೇಲೆ ಇಂಗಾಲವಿಲ್ಲದ ಅನಿಲ ಹಾಯಿಸಿ ಹೊರಹಾಕದಿದ್ದರೆ ಅದರ ಇಂಗಾಲವೂ ಸಾವಯವದ ಲೆಕ್ಕಕ್ಕೆ ಸೇರುತ್ತದೆ.

ಯುವಿ ಹೀರಿಕೆ, ಇಂಗಾಲ ಎರಡರ ಅಂಕಿಯೂ ಬಂದ ಮೇಲೆ ಲೆಕ್ಕ ಸುಲಭ: ಒಂದು ಸೆಂ.ಮೀ. ಕ್ಯುವೆಟ್ಟಿನ ಹೀರಿಕೆಯನ್ನು 100ರಿಂದ ಗುಣಿಸಿ, ಲೀಟರಿನಲ್ಲಿರುವ ಇಂಗಾಲದ ಮಿಲಿಗ್ರಾಂನಿಂದ ಭಾಗಿಸಿ. 4ಕ್ಕಿಂತ ಹೆಚ್ಚಾದರೆ ಮಣ್ಣಿನ ಹ್ಯೂಮಿಕ್ ಅಂಶ ಜಾಸ್ತಿ, 2ಕ್ಕಿಂತ ಕಡಿಮೆಯಾದರೆ ಅದು ಕಡಿಮೆ. ಕಬ್ಬಿಣವೂ 254ರಲ್ಲಿ ಹೀರುತ್ತದೆ, ಅದನ್ನೂ ಅಳೆಯಿರಿ. ಆಸಿಡ್ ಹಾಕುವಾಗ ಕೈಗವಸು, ಕನ್ನಡಕ ಇರಲಿ. ಮಳೆಗಾಲ, ಬೇಸಿಗೆ ಎರಡರಲ್ಲೂ ನೀರು ತೆಗೆಯಿರಿ. ಒಂದೇ ಸಲದ ಅಂಕಿ ಹಿಡಿದು ಮಾಂಜ್ರಾ ನದಿಯ ಮೇಲೆ ತೀರ್ಪು ಬರೆಯಬೇಡಿ.