ಸುತ್ತುಹರಳಿನ ಉಂಗುರ ಮಂಕಾಗುವುದೇಕೆ?

ಕನಕಪುರದ ಕಡೆಯ ವಿದ್ಯಾರ್ಥಿಯೊಬ್ಬನು ಒಂದು ದಿನ ಪಾಠ ಮುಗಿದ ಮೇಲೆ ತನ್ನ ತಾಯಿಯ ಉಂಗುರವನ್ನು ತಂದು ತೋರಿಸಿದನು. ಬಳೆಯಂತೆ ಸುತ್ತಲೂ ಸಣ್ಣ ವಜ್ರಗಳನ್ನು ಕೂಡಿಸಿದ, ಮೊದಲು ಕೊನೆಗಳಿಲ್ಲದ ಉಂಗುರವದು; ಆಂಗ್ಲರು ಇದನ್ನು ‘ಇಟರ್ನಿಟಿ’ ಉಂಗುರವೆನ್ನುತ್ತಾರೆ. ಕೊಂಡಾಗ ಕಣ್ಣು ಕೋರೈಸುತ್ತಿದ್ದ ಹರಳುಗಳು ಎರಡೇ ವರ್ಷದಲ್ಲಿ ಮಂಕಾಗಿದ್ದುವು. ಅಕ್ಕಸಾಲಿಗನು ಗಾಜು ಕೂಡಿಸಿ ಮೋಸ ಮಾಡಿದನೆಂದು ಮನೆಯವರ ಸಂದೇಹ.

ತೀರ್ಪು ಕೊಡುವ ಮೊದಲು ಹೊಳಪು ಎಲ್ಲಿಂದ ಬರುತ್ತದೆಂಬುದನ್ನು ನೋಡೋಣ. ಚನ್ನಪಟ್ಟಣದ ಬಣ್ಣದ ಬಳೆಯೂ ಹೊಳೆಯುತ್ತದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖದಿಂದ ಅರಗು ಕರಗಿ ನಯವಾಗಿ ಹರಡುತ್ತದೆ. ಆ ಹೊಳಪು ಮೇಲ್ಮೈಯದು. ವಜ್ರವಾದರೋ ಬೆಳಕನ್ನು ಒಳಕ್ಕೆ ಬಿಟ್ಟುಕೊಂಡು, ಹಿಂಬದಿಯ ಮುಖಗಳಿಂದ ತಿರುಗಿಸಿ ಕಳುಹಿಸುತ್ತದೆ. ಅದರ ವಕ್ರೀಭವನಾಂಕ ಸುಮಾರು 2.42, ಗಾಜಿನದು ಸುಮಾರು 1.5. ಆದುದರಿಂದ ಗಾಜಿನಲ್ಲಿ ಸುಮಾರು 42 ಡಿಗ್ರಿಯಿರುವ ಕ್ರಾಂತಿಕೋನ ವಜ್ರದಲ್ಲಿ ಕೇವಲ 24.4 ಡಿಗ್ರಿ. ಇದಕ್ಕಿಂತ ಹೆಚ್ಚು ಓರೆಯಾಗಿ ಹಿಂಬದಿಯನ್ನು ತಾಕಿದ ಕಿರಣವು ಹೊರಬೀಳಲಾರದೆ ಪೂರ್ಣವಾಗಿ ಪ್ರತಿಫಲಿಸುತ್ತದೆ. ಹಿಂಬದಿಯ ಮುಖಗಳ ಓರೆ ಎಷ್ಟಿರಬೇಕೆಂದು ಮಾರ್ಸೆಲ್ ಟೋಲ್ಕೋವ್‌ಸ್ಕಿ 1919ರಲ್ಲಿ ಲೆಕ್ಕ ಹಾಕಿ 40.75 ಡಿಗ್ರಿಯೆಂದು ಸೂಚಿಸಿದನು.

ಈಗ ಹಿಂಬದಿಗೆ ಎಣ್ಣೆ ಹತ್ತಿತೆನ್ನಿರಿ. ವಜ್ರಕ್ಕೆ ಜಿಡ್ಡೆಂದರೆ ಬಲು ಪ್ರೀತಿ. ಗಣಿಗಳಲ್ಲಿ ಕಲ್ಲುಪುಡಿಯಿಂದ ವಜ್ರವನ್ನು ಬೇರ್ಪಡಿಸಲು ಜಿಡ್ಡು ಸವರಿದ ಹಲಗೆಗಳನ್ನೇ ಬಳಸಿದ್ದುಂಟು. ಎಣ್ಣೆಯ ವಕ್ರೀಭವನಾಂಕ ಸುಮಾರು 1.47. ಆಗ ವಜ್ರ ಮತ್ತು ಎಣ್ಣೆಗಳ ನಡುವಣ ಕ್ರಾಂತಿಕೋನ 37 ಡಿಗ್ರಿಯನ್ನು ಮೀರುತ್ತದೆ. 24ರಿಂದ 37 ಡಿಗ್ರಿಯೊಳಗೆ ಬಂದು ಹಿಂದಿರುಗುತ್ತಿದ್ದ ಕಿರಣಗಳೆಲ್ಲ ಎಣ್ಣೆಯ ಪದರವನ್ನು ಹೊಗುತ್ತವೆ. ಪದರ ಶುದ್ಧವಾಗಿ ಸಮವಾಗಿದ್ದರೆ ಅದರ ಹೊರಮೈಯಿಂದಾದರೂ ಅವು ತಿರುಗುತ್ತಿದ್ದುವು. ಆದರೆ ಅಡಿಗೆಮನೆಯ ಜಿಡ್ಡು ಹಾಗಿರುವುದಿಲ್ಲ. ರಾಗಿಹಿಟ್ಟು, ಸೋಪು, ಧೂಳು ಸೇರಿ ಬೆಳಕನ್ನು ಹೀರಿ ಚದುರಿಸುತ್ತವೆ.

ನಮ್ಮ ಅಜ್ಜಿಯರ ಓಲೆಗಳಲ್ಲಿ ಹರಳಿನ ಬೆನ್ನನ್ನು ಲೋಹದಿಂದ ಮುಚ್ಚುತ್ತಿದ್ದುದನ್ನು ಕೆಲವರು ಹಳೆಯ ಕಾಲದ ಮೊದ್ದು ಕೆಲಸವೆನ್ನುವುದುಂಟು. ನಾನು ಒಪ್ಪೆನು. ಚಪ್ಪಟೆಯಾಗಿ ಕೊರೆದ ಹರಳಿನಿಂದ ಬೆಳಕು ಸೋರಿಹೋಗುತ್ತದೆ. ಅದನ್ನು ಹಿಂದಿರುಗಿಸಲು ಹಾಳೆಯಂತಹ ಲೋಹದ ಕನ್ನಡಿ ಬೇಕೇ ಬೇಕು. ಹೊಸ ಸುತ್ತುಂಗುರದಲ್ಲಿ ಹರಳುಗಳ ಬೆನ್ನು ಬೆರಳಿನ ಕಡೆಗೆ ತೆರೆದಿರುವುದರಿಂದ ಜಿಡ್ಡಿಗೆ ದಾರಿ ಸುಲಭ. ಇನ್ನೊಂದು ತೊಡಕೂ ಉಂಟು: ಸುತ್ತಲೂ ಹರಳಿರುವಾಗ ಬೆರಳು ದಪ್ಪವಾದರೆ ಉಂಗುರವನ್ನು ಹಿಗ್ಗಿಸುವುದು ಬಹು ಕಷ್ಟ. ಅರ್ಧಕ್ಕೆ ಮಾತ್ರ ಹರಳಿಡುವ ಮಾದರಿಯಲ್ಲಿ ಈ ಕಷ್ಟವಿಲ್ಲ.

ಉಗುರುಬೆಚ್ಚನೆಯ ಸೋಪುನೀರಿನಲ್ಲಿ ನೆನೆಯಿಟ್ಟು, ಮೃದುವಾದ ಕುಂಚದಿಂದ ಹಿಂಬದಿಯನ್ನು ತಿಕ್ಕಿದೆವು. ಕಾಮನಬಿಲ್ಲಿನ ಕಿಡಿಗಳು ಮರಳಿ ಬಂದುವು. ಇಷ್ಟರಿಂದಲೇ ಹರಳು ಅಪ್ಪಟವೆಂದು ಸಿದ್ಧವಾಗದು; ಅದಕ್ಕೆ ಬೇರೆ ಪರೀಕ್ಷೆಗಳಿವೆ. ಮಂಕಾದದ್ದು ಮೋಸಕ್ಕೆ ಸಾಕ್ಷಿಯಲ್ಲವೆಂದಷ್ಟೇ ಹೇಳಿ ಕಳುಹಿಸಿದೆನು. ಹುಡುಗನು ಮನೆಗೆ ಹೋಗುವ ದಾರಿಯಲ್ಲಿ ಅಕ್ಕಸಾಲಿಗನ ಅಂಗಡಿಗೂ ಹೋಗಿದ್ದನಂತೆ.