‘ಆ್ಯಟ್’ ಎಂಬುದು ಒಂದು ಬಿಂದು

ಇಂಗ್ಲಿಷಿನ ‘ಇನ್’, ‘ಆನ್’, ‘ಆ್ಯಟ್’ ಈ ಮೂರರ ಕೆಲಸವನ್ನೂ ಕನ್ನಡದಲ್ಲಿ ‘ಅಲ್ಲಿ’ ಎಂಬ ಸಪ್ತಮೀ ಪ್ರತ್ಯಯವೊಂದೇ ಮಾಡಬಲ್ಲುದು. ಇಂಗ್ಲಿಷಿನಲ್ಲಿ ಪ್ರಯೋಗದ ವರದಿ ಬರೆಯುವಾಗ ನಮ್ಮ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಭೌತವಿಜ್ಞಾನದಲ್ಲಿ ಇದು ಬರಿಯ ವ್ಯಾಕರಣದೋಷವಲ್ಲ. ಅರ್ಥವನ್ನೇ ಕೆಡಿಸುವ ದೋಷ.

ಎತ್ತರದಿಂದ ಒಂದು ಕಲ್ಲನ್ನು ಕೈಬಿಟ್ಟೆವೆನ್ನೋಣ. ಗಾಳಿಯ ತಡೆಯನ್ನು ಗಣಿಸದೆ, ಗುರುತ್ವ ವೇಗೋತ್ಕರ್ಷವನ್ನು 9.8 ಎಂದು ಹಿಡಿದರೆ, ಮೊದಲ ಎರಡು ಸೆಕೆಂಡುಗಳಲ್ಲಿ ಅದು ಬೀಳುವ ದೂರ 19.6 ಮೀಟರು. ಎರಡು ಸೆಕೆಂಡು ತುಂಬಿದ ಕ್ಷಣದಲ್ಲಿ ಅದರ ವೇಗ ಸೆಕೆಂಡಿಗೆ 19.6 ಮೀಟರು. ಸಂಖ್ಯೆ ಒಂದೇ, ಸಂಗತಿ ಬೇರೆ. ದೂರವು ಕಾಲದ ಒಂದು ಹರವಿಗೆ ಸೇರಿದುದು. ಆದುದರಿಂದ ‘ಇನ್ ಟೂ ಸೆಕೆಂಡ್ಸ್’. ವೇಗವು ಒಂದು ಕ್ಷಣಕ್ಕೆ ಸೇರಿದುದು. ಆದುದರಿಂದ ‘ಆ್ಯಟ್ ಟೂ ಸೆಕೆಂಡ್ಸ್’. ಇವನ್ನು ಅದಲುಬದಲು ಮಾಡಿದರೆ ಸರಿಯಾದ ಲೆಕ್ಕವೂ ತಪ್ಪಾಗಿ ಕಾಣುವುದು.

ಸ್ಥಳಕ್ಕೂ ಇದೇ ನ್ಯಾಯ. ಪೆಟ್ಟಿಗೆಯ ಒಳಗಿದ್ದರೆ ‘ಇನ್’, ಮೇಜಿನ ಮೇಲಿದ್ದರೆ ‘ಆನ್’, ವೃತ್ತದ ಕೇಂದ್ರದಲ್ಲಿದ್ದರೆ ‘ಆ್ಯಟ್’. ಸಾಧಾರಣ ವಾಯುಭಾರದಲ್ಲಿ ನೀರು ಕುದಿಯುವ 100 ಡಿಗ್ರಿ ಸೆಲ್ಸಿಯಸ್ಸಿಗೂ ‘ಆ್ಯಟ್’ ಎನ್ನುವೆವು. ಅದು ಮಾಪಕದ ಮೇಲಿನ ಒಂದು ಗೆರೆ.

ದಿನಬಳಕೆಯಲ್ಲಿ ಗಂಟೆಗೆ ‘ಆ್ಯಟ್’, ದಿನಕ್ಕೆ ‘ಆನ್’, ತಿಂಗಳು ವರ್ಷಗಳಿಗೆ ‘ಇನ್’. ಬೆಳಗಿಗೆ ‘ಇನ್ ದ ಮಾರ್ನಿಂಗ್’ ಎಂದರೂ ರಾತ್ರಿಗೆ ‘ಆ್ಯಟ್ ನೈಟ್’ ಎನ್ನುವುದು ಮಾತ್ರ ರೂಢಿಯ ಬಲದಿಂದ. ಅಂಥವನ್ನು ಬಾಯಿಪಾಠ ಮಾಡಬೇಕಾದುದೇ. ಉಳಿದೆಡೆ ಬರೆಯುವ ಮುನ್ನ ನಮ್ಮನ್ನು ನಾವೇ ಕೇಳಿಕೊಳ್ಳೋಣ: ಹೇಳಹೊರಟಿರುವುದು ಬಿಂದುವನ್ನೋ, ಹರವನ್ನೋ? ಬಿಂದುವಾದರೆ ‘ಆ್ಯಟ್’.