ತಟ್ಟೆಯ ಅಂಚಿಗೆ ಸರಿಯುವ ತರಕಾರಿ
(ಅಧ್ಯಯನ ಪಾಠ: ಗ್ರಾಮ ಪಂಚಾಯಿತಿ ಸದಸ್ಯರ ಬಳಕೆಗಾಗಿ)



ಕೋಲಾರ ಜಿಲ್ಲೆಯ ಟೊಮೆಟೊ ಹೊರರಾಜ್ಯಗಳ ಮಾರುಕಟ್ಟೆಗಳಿಗೂ ಹೋಗುತ್ತದೆ. ಬಂಗಾರಪೇಟೆ ಮತ್ತು ಕೆಜಿಎಫ್ ತಾಲ್ಲೂಕುಗಳ ಹೊಲಗಳಲ್ಲಿ ಬೀನ್ಸ್, ಕೋಸು, ಬದನೆ, ಸೊಪ್ಪು ಬೆಳೆಯುತ್ತವೆ. ಹೀಗಿದ್ದೂ ನಮ್ಮ ಮಕ್ಕಳು ಸಾಕಷ್ಟು ತರಕಾರಿ ತಿನ್ನುತ್ತಿದ್ದಾರೆಂದು ಹೇಳುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದಲ್ಲಿ 6 ತಿಂಗಳಿನಿಂದ 5 ವರ್ಷದೊಳಗಿನ ಪ್ರತಿ 100 ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆಯಿದೆ. ತರಕಾರಿಯೊಂದರಿಂದಲೇ ಇದು ನೀಗದು. ಆದರೆ ಸೊಪ್ಪು, ಕಾಳು, ತರಕಾರಿಗಳಿಲ್ಲದೆಯೂ ನೀಗದು.

"ತರಕಾರಿ ತಿನ್ನಿ" ಎಂಬ ಗೋಡೆಬರಹ ನಮ್ಮಲ್ಲಿ ಸಾಕಷ್ಟಿದೆ. ತಿನ್ನುವಂತೆ ಬೇಯಿಸುವುದು ಹೇಗೆ ಎಂಬುದು ಈ ಪಾಠದ ವಿಷಯ.

1. ಸೋರಿಕೆ ಎಲ್ಲಿದೆ?

ಶಾಲಾ ಬಿಸಿಯೂಟದಲ್ಲಿ ಪ್ರತಿ ಮಗುವಿಗೆ ದಿನಕ್ಕೆ 1ರಿಂದ 5ನೇ ತರಗತಿಯವರೆಗೆ 50 ಗ್ರಾಂ, 6ರಿಂದ 8ನೇ ತರಗತಿಯವರೆಗೆ 75 ಗ್ರಾಂ ತರಕಾರಿ ನಿಗದಿಯಾಗಿದೆ. ವಹಿಯಲ್ಲಿ ಅದು ಖರ್ಚಾಗಿರುತ್ತದೆ. ಒಮ್ಮೆ ಶಾಲೆಯೊಂದಕ್ಕೆ ಊಟದ ವೇಳೆಯಲ್ಲಿ ಭೇಟಿ ನೀಡಿದಾಗ, ಮಕ್ಕಳು ಸಾರಿನ ಹೋಳುಗಳನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದುದನ್ನು ಕಂಡೆ. ಕೊನೆಗೆ ಅವೆಲ್ಲ ಬಕೆಟ್ ಸೇರಿ ಹಸುವಿನ ಪಾಲಾದವು. ನಾನು ಎಂಜಿನಿಯರಿಂಗ್ ಓದಿದವನು. ಕುಡಿಯುವ ನೀರಿನ ಯೋಜನೆಯಲ್ಲಿ ಟ್ಯಾಂಕಿನಿಂದ ಹೊರಟ ನೀರನ್ನಷ್ಟೇ ಅಳೆದರೆ ಸಾಲದು, ಕೊನೆಯ ನಲ್ಲಿಗೆ ತಲುಪಿದ್ದನ್ನೂ ಅಳೆಯಬೇಕು ಎಂಬುದು ನಮಗೆಲ್ಲ ತಿಳಿದ ಮಾತು. ಪೌಷ್ಟಿಕತೆಯಲ್ಲಿ ಆ ಕೊನೆಯ ನಲ್ಲಿ ಮಗುವಿನ ಬಾಯಿ.

ಅಡುಗೆಯವರನ್ನು ಕೇಳಿದೆ. "ಬೇಳೆ ಜೊತೆಗೇ ಎಲ್ಲಾ ಹಾಕಿಬಿಡ್ತೀವಿ ಸಾರ್, ಹೊತ್ತಿಗೆ ಸರಿಯಾಗಿ ಆಗಬೇಕಲ್ಲ" ಎಂದರು. ತಪ್ಪು ಅವರದಲ್ಲ, ಬೇರೆ ವಿಧಾನವನ್ನು ಅವರೊಡನೆ ಕುಳಿತು ಯಾರೂ ಯೋಚಿಸಿರಲಿಲ್ಲ.

2. ರುಚಿ ಕೆಡುವ ಬಗೆ

ಅ) ಅತಿಯಾಗಿ ಬೇಯಿಸುವುದು: ಕೋಸು, ನವಿಲುಕೋಸು, ಮೂಲಂಗಿ ಹೆಚ್ಚು ಹೊತ್ತು ಬೆಂದರೆ ಗಂಧಕದ ವಾಸನೆ ಬಿಡುತ್ತವೆ. ಬೇಳೆ ಬೆಂದ ಮೇಲೆ ತರಕಾರಿ ಹಾಕುವುದು ಲೇಸು.
ಆ) ಹುಣಸೆಹುಳಿಯನ್ನು ಮೊದಲೇ ಹಾಕುವುದು: ಹುಳಿಯಲ್ಲಿ ಬೇಳೆ, ತರಕಾರಿ ಬೇಗ ಮೆತ್ತಗಾಗುವುದಿಲ್ಲ, ಸೊಪ್ಪಿನ ಹಸಿರು ಬಣ್ಣವೂ ಮಾಸುತ್ತದೆ. ಹುಳಿ ಕೊನೆಗಿರಲಿ.
ಇ) ಹೆಚ್ಚಿದ ಮೇಲೆ ತೊಳೆಯುವುದು, ಬೆಂದ ನೀರನ್ನು ಚೆಲ್ಲುವುದು: ಸಾರದೊಂದಿಗೆ 'ಸಿ' ಜೀವಸತ್ವವೂ ಹರಿದುಹೋಗುತ್ತದೆ. ತೊಳೆದ ನಂತರ ಹೆಚ್ಚಬೇಕು.
ಈ) ಒಗ್ಗರಣೆ ಬಿಡುವುದು: ಕ್ಯಾರೆಟ್, ಸೊಪ್ಪುಗಳಲ್ಲಿರುವ 'ಎ' ಜೀವಸತ್ವದ ಅಂಶ ದೇಹಕ್ಕೆ ಸೇರಲು ತುಸು ಎಣ್ಣೆ ಬೇಕು. ಒಗ್ಗರಣೆ ಘಮಕ್ಕಾಗಿ ಮಾತ್ರವಲ್ಲ.

3. ಉತ್ತರ ನಮ್ಮ ಒಲೆಯ ಮೇಲೆಯೇ ಇದೆ

ಬಸ್ಸಾರನ್ನು ಗಮನಿಸಿ. ಸೊಪ್ಪು, ಕಾಳು ಬೇಯಿಸಿ ನೀರು ಬಸಿಯುತ್ತೇವೆ. ಬಸಿದ ಕಟ್ಟು ಖಾರ ಸೇರಿ ಸಾರಾಗುತ್ತದೆ. ಉಳಿದದ್ದು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಹನಿಯೂ ವ್ಯರ್ಥವಿಲ್ಲ. ಮಸ್ಸೊಪ್ಪಿನಲ್ಲಿ ಬೆರಕೆ ಸೊಪ್ಪನ್ನು ಬೇಳೆಯೊಡನೆ ಮಸೆಯುವುದರಿಂದ ಮಗು ಆರಿಸಿ ಹೊರಗಿಡಲು ಹೋಳೇ ಇರುವುದಿಲ್ಲ. ತಮಿಳು ಮನೆಗಳ ಕೂಟು, ತೆಲುಗು ಮನೆಗಳ ಸೊಪ್ಪಿನ ಪಪ್ಪು ಇದೇ ಜಾಣ್ಮೆಯವು. ಕೊನೆಯಲ್ಲಿ ನಿಂಬೆರಸ ಹಿಂಡಿದರೆ ಸೊಪ್ಪಿನ ಕಬ್ಬಿಣದ ಅಂಶವನ್ನು ದೇಹ ಹೆಚ್ಚು ಹೀರಿಕೊಳ್ಳುತ್ತದೆ. ಉಪ್ಪು ಕಡಿಮೆಯಾದರೂ ರುಚಿ ಕುಂದದು.

ಬಂಗಾರಪೇಟೆಯ ತಿಳಿನೀರಿನ ಪಾನಿಪುರಿಗೆ ಮಕ್ಕಳು ಮುಗಿಬೀಳುವುದೂ ಹುಳಿ, ಖಾರ, ಗರಿಗರಿಗಾಗಿಯೇ. ಅದನ್ನು ಬೈಯುವ ಬದಲು ಆ ಗುಣಗಳನ್ನು ತರಕಾರಿಗೆ ತರೋಣ: ಸೌತೆ, ಕ್ಯಾರೆಟ್ ಕೋಸಂಬರಿಗೆ ನಿಂಬೆರಸ, ಬೀನ್ಸ್ ಪಲ್ಯಕ್ಕೆ ಹುರಿದ ಕಡಲೆಕಾಯಿ ಪುಡಿ, ಬದನೆಗೆ ಹುಚ್ಚೆಳ್ಳು ಪುಡಿ.

ತಾಯಂದಿರ ಸಮಯವನ್ನೂ ನೆನೆಯಬೇಕು. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ಬಳಿಕ ಕೆಜಿಎಫ್ ಭಾಗದ ಸಾವಿರಾರು ಮಂದಿ ದುಡಿಮೆಗಾಗಿ ನಿತ್ಯ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಾರೆ. ನಸುಕಿನಲ್ಲಿ ಒಲೆ ಹಚ್ಚುವವರಿಗೆ ಎರಡು ಗಂಟೆಯ ಅಡುಗೆಯನ್ನು ಬೋಧಿಸುವುದು ನ್ಯಾಯವಲ್ಲ. ಭಾನುವಾರ ಪುಡಿ ಮಾಡಿಟ್ಟುಕೊಂಡರೆ ವಾರದ ಪಲ್ಯ ಹತ್ತು ನಿಮಿಷದ ಕೆಲಸ. ಮನೆಯ ಗಂಡಸರೂ ಸೊಪ್ಪು ಬಿಡಿಸಬಹುದು.

4. ಒಂದು ದಿನದಲ್ಲಿ ಆಗುವುದಲ್ಲ

ಹೊಸ ರುಚಿಯನ್ನು ಮಗು ಒಪ್ಪಲು ಎಂಟು ಹತ್ತು ಸಲ, ಕೆಲವೊಮ್ಮೆ ಇನ್ನೂ ಹೆಚ್ಚು ಸಲ, ರುಚಿ ನೋಡಬೇಕಾಗುತ್ತದೆ. ಗದರಿಸಿ ತಿನ್ನಿಸಿದರೆ ದ್ವೇಷ ಬೆಳೆಯುತ್ತದೆ. ಮೇಲೆ ಹೇಳಿದ ಶಾಲೆಯಲ್ಲಿ ತರಕಾರಿಯನ್ನು ಬೇರೆಯಾಗಿ ಪಲ್ಯ ಮಾಡಲಾರಂಭಿಸಿದ ಮೊದಲ ವಾರ ವಿಶೇಷವೇನೂ ಕಾಣಲಿಲ್ಲ. ತಿಂಗಳ ಹೊತ್ತಿಗೆ ಬಕೆಟ್ ಬರಿದಾಗಲಿಲ್ಲ, ಆದರೆ ಹಗುರವಾಗಿತ್ತು.

5. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

• ತಿಂಗಳಿಗೊಮ್ಮೆ ತಮ್ಮ ವಾರ್ಡಿನ ಶಾಲೆ ಅಥವಾ ಅಂಗನವಾಡಿಯಲ್ಲಿ ಮಕ್ಕಳ ಪಂಕ್ತಿಯಲ್ಲೇ ಕುಳಿತು ಊಟ ಮಾಡಿ, ತಟ್ಟೆಯಲ್ಲಿ ಉಳಿದದ್ದನ್ನು ಗಮನಿಸುವುದು. ಇದು ತಪಾಸಣೆಯಲ್ಲ, ಅಡುಗೆಯವರ ಅಡಚಣೆಗಳನ್ನು ಮೊದಲು ಕೇಳುವುದು.
• ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಒಂದೇ ತರಕಾರಿಯನ್ನು ಎರಡು ಬಗೆಯಲ್ಲಿ ಬೇಯಿಸಿ ರುಚಿ ನೋಡುವ ಕಾರ್ಯಕ್ರಮ ಏರ್ಪಡಿಸುವುದು.
• ಶಾಲೆ, ಅಂಗನವಾಡಿ ಆವರಣದಲ್ಲಿ ನುಗ್ಗೆ, ಕರಿಬೇವು, ನಿಂಬೆ ನೆಡಿಸಿ, ಕೈ ತೊಳೆದ ನೀರನ್ನು ಅವಕ್ಕೆ ಹರಿಸುವುದು. ಗಣಿಯ ಸೈನೈಡ್ ದಿಬ್ಬಗಳ ಮಣ್ಣು, ದೂಳು ಸೇರುವ ಜಾಗದಲ್ಲಿ ಕೈತೋಟ ಬೇಡ.
• ಮಕ್ಕಳ ಗ್ರಾಮಸಭೆಯಲ್ಲಿ "ಯಾವ ತರಕಾರಿ ಬೇಡ? ಏಕೆ ಬೇಡ?" ಎಂದು ಕೇಳಿ, ಉತ್ತರವನ್ನು ನಡವಳಿಯಲ್ಲಿ ದಾಖಲಿಸುವುದು.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಪಂಚಾಯಿತಿ ವ್ಯಾಪ್ತಿಯ ಶಾಲೆಗಳಲ್ಲಿ ಊಟದ ನಂತರ ಹೆಚ್ಚು ಉಳಿಯುವ ತರಕಾರಿ ಯಾವುದು?
2. ಟೊಮೆಟೊ ಬೆಲೆ ಕುಸಿದಾಗ ರೈತರು ರಸ್ತೆಗೆ ಸುರಿಯುವ ಫಸಲು ಊರಿನ ಅಡುಗೆಮನೆಗಳಿಗೆ ತಲುಪುವಂತೆ ಮಾಡುವುದು ಹೇಗೆ?
3. ನಮ್ಮ ಮನೆಯ ತಟ್ಟೆಯ ಅಂಚಿನಲ್ಲಿ ಏನು ಉಳಿಯುತ್ತದೆ?

ಮೂರನೆಯ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಂಡು ಸಭೆಗೆ ಬಂದರೆ ಮೊದಲೆರಡರ ಚರ್ಚೆ ಸುಲಭವಾದೀತು.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಬಂಗಾರಪೇಟೆ ತಾಲ್ಲೂಕು